ಕಾಗದ ಹರಿಯುತ್ತಾ ಸ್ಪ್ಯಾನಿಷ್ ಕಲಿಯೋದು ಹೇಗೆ?

ಪ್ರೀಸ್ಕೂಲಿನಿಂದ ಅಕ್ಕನ ಫೋನಿಗೆ ದಿನಾ ಮಧ್ಯಾಹ್ನ ಒಂದು ಫೋಟೊ ಬರುತ್ತದೆ. ಮಗು ಊಟ ಮಾಡಿತಾ, ಮಲಗಿತಾ, ಏನು ಆಡಿತು ಅಂತ ಜೊತೆಗೆ ಎರಡು ಸಾಲು. ಹೋದ ತಿಂಗಳು ಬಂದ ಒಂದು ಫೋಟೊದಲ್ಲಿ ಅವಳ ಮೂರು ವರ್ಷದ ಮಗಳು ಕಾಗದದ ಚೂರುಗಳ ಗುಡ್ಡೆ ನಡುವೆ ಕೂತಿದ್ದಳು. ತಲೆ ಮೇಲೂ ಎರಡು ಚೂರು. ಕೆಳಗೆ ಬರೆದಿದ್ದು ಇಷ್ಟೇ: ಇವತ್ತು ಕಾಗದದ ಜೊತೆ ಆಡಿದೆವು, ಸ್ಪ್ಯಾನಿಷ್ ಅಭ್ಯಾಸ ಮಾಡಿದೆವು.

ಅಕ್ಕ ಅದನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದಳು. ಹತ್ತು ನಿಮಿಷದಲ್ಲಿ ಸಾಗರದಿಂದ ಅಮ್ಮನ ಫೋನ್. "ಎಂತ ಇದು? ಅಷ್ಟೆಲ್ಲ ದುಡ್ಡು ಕೊಟ್ಟು ಕಳಿಸೋದು ಕಾಗದ ಹರಿಯಕ್ಕಾ? ಮನೇಲಿ ಹರಿದ್ರೆ ಬೈತೀರಿ!"

ಅಮ್ಮ ಕೇಳಿದ್ದರಲ್ಲಿ ತಪ್ಪೇನಿಲ್ಲ. ಕ್ಯಾಲಿಫೋರ್ನಿಯಾದ ನಮ್ಮ ಕಡೆ ಕನ್ನಡದ ಮನೆಗಳ ಮಕ್ಕಳು ಸ್ಪ್ಯಾನಿಷ್ ಪ್ರೀಸ್ಕೂಲಿಗೆ ಹೋಗುವುದು ಹೊಸದಲ್ಲ. ಮನೆಯಲ್ಲಿ ಕನ್ನಡ, ಪಾರ್ಕಿನಲ್ಲಿ ಇಂಗ್ಲಿಷ್, ಶಾಲೆಯಲ್ಲಿ ಸ್ಪ್ಯಾನಿಷ್. ಆದರೆ ಆ ಶಾಲೆಯೊಳಗೆ ಏನು ನಡೆಯುತ್ತದೆ, ಯಾಕೆ ಹಾಗೆ ನಡೆಯುತ್ತದೆ ಅಂತ ಕೇಳಿದರೆ ಹೆಚ್ಚಿನ ಅಪ್ಪ ಅಮ್ಮಂದಿರ ಹತ್ತಿರ ಉತ್ತರ ಇರುವುದಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಅಮ್ಮನಿಗೆ ಉತ್ತರ ಕೊಡಬೇಕಲ್ಲ ಅಂತ ಓದಲು ಶುರು ಮಾಡಿದೆ. ಒಂದು ಬೆಳಿಗ್ಗೆ ಅಕ್ಕನ ಬದಲು ನಾನೇ ತರಗತಿಗೆ ಕೈಜೋಡಿಸಲು ಹೋಗಿ ಕೂತೆ.

ಇದು ಎಂಥ ಶಾಲೆ?

ಇಂಥ ಶಾಲೆಗಳು ತಮ್ಮನ್ನು ‘ಇಮ್ಮರ್ಶನ್’ ಶಾಲೆ ಅಂತ ಕರೆದುಕೊಳ್ಳುತ್ತವೆ. ಇಮ್ಮರ್ಶನ್ ಅಂದರೆ ಮುಳುಗುವುದು. ನಮ್ಮೂರುಗಳಲ್ಲಿ ಬಾವಿಯಲ್ಲಿ ಈಜು ಕಲಿಸುವಾಗ ಸೊಂಟಕ್ಕೆ ಹಗ್ಗ ಕಟ್ಟಿ ನೀರಿಗೆ ಇಳಿಸುತ್ತಿದ್ದರು, ಅಲ್ವಾ? ದಡದಲ್ಲಿ ಕೂರಿಸಿ ಈಜಿನ ಬಗ್ಗೆ ಪಾಠ ಮಾಡುತ್ತಿರಲಿಲ್ಲ. ಇಲ್ಲೂ ಅದೇ. ಟೀಚರ್ ಸ್ಪ್ಯಾನಿಷ್ ಬಗ್ಗೆ ಹೇಳುವುದಿಲ್ಲ, ಸ್ಪ್ಯಾನಿಷಿನಲ್ಲೇ ಮಾತಾಡುತ್ತಾರೆ. ‘ಬಾ, ಕೂತ್ಕೋ, ಕೈ ತೊಳ್ಕೋ, ಅವಳಿಗೂ ಕೊಡು’ ಎಲ್ಲವೂ ಸ್ಪ್ಯಾನಿಷಿನಲ್ಲೇ.

ಈಜುವವನಿಗೆ ಹಗ್ಗ ಬೇಕು. ಭಾಷೆ ಗೊತ್ತಿಲ್ಲದ ಮಗುವಿಗೂ ಹಿಡಿದುಕೊಳ್ಳಲು ಏನಾದರೂ ಬೇಕು. ಟೀಚರ ಮುಖ, ಕೈಸನ್ನೆ, ದಿನಾ ಒಂದೇ ಹೊತ್ತಿಗೆ ನಡೆಯುವ ಕೆಲಸ, ಮತ್ತೆ ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು. ಕಾಗದ ಈ ಕೊನೆಯ ಸಾಲಿಗೆ ಸೇರಿದ್ದು. ಅದರ ವಿಷಯಕ್ಕೆ ಬರುತ್ತೇನೆ.

ಬೋರ್ಡಿನಲ್ಲಿ ‘ಸ್ಪ್ಯಾನಿಷ್’ ಅಂತ ಇದ್ದ ಮಾತ್ರಕ್ಕೆ ಎಲ್ಲ ಶಾಲೆ ಒಂದೇ ಅಲ್ಲ. ಕೆಲವು ಕಡೆ ಬೆಳಿಗ್ಗೆಯಿಂದ ಸಂಜೆವರೆಗೆ ಸ್ಪ್ಯಾನಿಷ್. ಕೆಲವು ಕಡೆ ಅರ್ಧ ದಿನ ಸ್ಪ್ಯಾನಿಷ್, ಅರ್ಧ ದಿನ ಇಂಗ್ಲಿಷ್. ಇನ್ನು ಕೆಲವು ಕಡೆ ವಾರಕ್ಕೆರಡು ಸಲ ಯಾರೋ ಬಂದು ಅರ್ಧ ಗಂಟೆ ಹಾಡು ಹೇಳಿಸಿ ಹೋಗುತ್ತಾರೆ. ಕೊನೆಯದರಲ್ಲಿ ಮಗುವಿಗೆ ಬಣ್ಣದ ಹೆಸರು, ಹತ್ತರವರೆಗೆ ಎಣಿಕೆ, ನಾಲ್ಕು ಹಾಡು ಬರಬಹುದು. ಅದೂ ಖುಷಿಯೇ, ಆದರೆ ಅದು ಮುಳುಗುವುದಲ್ಲ, ಕಾಲು ತೊಳೆದುಕೊಳ್ಳುವುದು.

ಸ್ಪ್ಯಾನಿಷೇ ಯಾಕೆ ಅಂತ ಕೇಳುವವರು ನಾವಿರುವ ಊರುಗಳ ಹೆಸರು ನೋಡಿದರೆ ಸಾಕು. ಸ್ಯಾನ್ ಹೊಸೆ, ಪಾಲೊ ಆಲ್ಟೊ, ಲಾಸ್ ಗ್ಯಾಟೋಸ್. ಕೊನೆಯದರ ಅರ್ಥ ‘ಬೆಕ್ಕುಗಳು’ ಅಂತ ನನಗೆ ಗೊತ್ತಾಗಿದ್ದು ಅಲ್ಲಿಗೆ ಐದು ವರ್ಷ ಓಡಾಡಿದ ಮೇಲೆ. ಈ ನೆಲ ಮೊದಲು ಸ್ಪೇನಿನ ಕೈಯಲ್ಲಿತ್ತು, ಆಮೇಲೆ ಮೆಕ್ಸಿಕೊಗೆ ಸೇರಿತ್ತು. ಅಮೆರಿಕದ ಪಾಲಾಗಿದ್ದು 1848ರಲ್ಲಿ. ಇವತ್ತು ಇಡೀ ದೇಶದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತಾರೆ.

ಶಾಲೆಗಳಲ್ಲಿ ಇದು ಬಂದ ದಾರಿ ಮಾತ್ರ ನೇರವಾಗಿರಲಿಲ್ಲ. ಕ್ಯೂಬಾದ ಕ್ರಾಂತಿಯ ನಂತರ ಅಲ್ಲಿಂದ ಸಾವಿರಾರು ಕುಟುಂಬಗಳು ಮಯಾಮಿಗೆ ಬಂದವು. 1963ರಲ್ಲಿ ಅಲ್ಲಿನ ಕೋರಲ್ ವೇ ಎಂಬ ಸರ್ಕಾರಿ ಶಾಲೆ ಎರಡೂ ಭಾಷೆಯಲ್ಲಿ ಪಾಠ ಶುರು ಮಾಡಿತು. 1965ರಲ್ಲಿ ಕೆನಡಾದ ಮಾಂಟ್ರಿಯಲ್ ಪಕ್ಕ ಇಂಗ್ಲಿಷ್ ಮನೆಗಳ ಮಕ್ಕಳನ್ನು ಪೂರ್ತಿ ಫ್ರೆಂಚ್ ತರಗತಿಯಲ್ಲಿ ಕೂರಿಸಿದರು. ಅದನ್ನು ನೋಡಿ 1971ರಲ್ಲಿ ಲಾಸ್ ಏಂಜಲಿಸ್ ಪಕ್ಕದ ಕಲ್ವರ್ ಸಿಟಿಯಲ್ಲಿ ಸ್ಪ್ಯಾನಿಷ್ ಇಮ್ಮರ್ಶನ್ ಶುರುವಾಯಿತು. 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರೇ, ಪಾಠ ಬಹುಪಾಲು ಇಂಗ್ಲಿಷಿನಲ್ಲೇ ಇರಬೇಕು ಅಂತ ಕಾನೂನು ತಂದರು. 2016ರಲ್ಲಿ ಮತ್ತೆ ಮತದಾರರೇ ಅದನ್ನು ತೆಗೆದುಹಾಕಿದರು. ಈ ಕಾನೂನು ಸರ್ಕಾರಿ ಶಾಲೆಗಳದ್ದು, ಖಾಸಗಿ ಪ್ರೀಸ್ಕೂಲಿಗೆ ಅದರ ಹಂಗಿಲ್ಲ. ಆದರೂ ಮುಂದೆ ಸರ್ಕಾರಿ ಶಾಲೆಯಲ್ಲೂ ಎರಡು ಭಾಷೆಯ ತರಗತಿ ಸಿಗಬಹುದು ಅಂತಾದರೆ ಪ್ರೀಸ್ಕೂಲಿನಲ್ಲೇ ಶುರು ಮಾಡಲು ಜನಕ್ಕೆ ಧೈರ್ಯ ಬರುತ್ತದೆ.

ಕಾಗದವೇ ಯಾಕೆ?

ಪುಟ್ಟ ಮಕ್ಕಳ ಕೈಗೆ ಕಾಗದ ಕೊಡುವುದು ಹೊಸ ಫ್ಯಾಶನ್ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಪುಟ್ಟ ಮಕ್ಕಳಿಗಾಗಿ ಒಂದು ಶಾಲೆ ತೆರೆದರು. 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’ ಅಂತ ಹೆಸರಿಟ್ಟರು. ಮಕ್ಕಳ ತೋಟ ಅಂತ ಅರ್ಥ. ಅಲ್ಲಿ ಮಕ್ಕಳ ಕೆಲಸಗಳ ಪಟ್ಟಿಯಲ್ಲಿ ಕಾಗದ ಮಡಚುವುದು, ಕತ್ತರಿಸುವುದು, ಕಾಗದದ ಪಟ್ಟಿಗಳನ್ನು ಚಾಪೆ ಹಾಗೆ ಹೆಣೆಯುವುದು, ಸೂಜಿಯಿಂದ ಚುಚ್ಚುವುದು ಎಲ್ಲ ಇದ್ದವು. ಈ ಮಡಚುವ ಕಾಗದದ ಕಟ್ಟು ಮದರಾಸಿಗೂ ಬಂತು. ಅಲ್ಲಿ ಟಿ. ಸುಂದರ ರಾವ್ ಎಂಬುವರು ಅದನ್ನು ನೋಡಿ, ಬರೀ ಕಾಗದ ಮಡಚಿ ರೇಖಾಗಣಿತ ಕಲಿಸುವ ಪುಸ್ತಕವನ್ನೇ 1893ರಲ್ಲಿ ಬರೆದರು. ಮಕ್ಕಳ ಆಟ ಅಂತ ತಳ್ಳಿಹಾಕುವಂಥ ವಸ್ತು ಅಲ್ಲ ಇದು.

ಫ್ರೋಬೆಲ್ ಅವರ ಕಾಗದದ ಕೆಲಸಕ್ಕೆ ಕ್ರಮ ಇತ್ತು: ಹೀಗೆ ಮಡಚು, ಇಲ್ಲಿ ಕತ್ತರಿಸು. ಅಕ್ಕನ ಮಗಳ ಶಾಲೆಯಲ್ಲಿ ನಡೆದದ್ದು ಬೇರೆ ತರದ್ದು. ಅದರ ಬೇರು ಇಟಲಿಯ ರೆಜ್ಜೊ ಎಮಿಲಿಯಾ ಎಂಬ ಊರಿನಲ್ಲಿದೆ. 1945ರಲ್ಲಿ ಎರಡನೇ ಮಹಾಯುದ್ಧ ಮುಗಿದಾಗ ಆ ಊರ ಪಕ್ಕದ ಹಳ್ಳಿಯ ಜನ, ಓಡಿಹೋದ ಜರ್ಮನ್ ಸೈನ್ಯ ಬಿಟ್ಟುಹೋಗಿದ್ದ ಟ್ಯಾಂಕ್, ಲಾರಿ, ಕುದುರೆಗಳನ್ನು ಮಾರಿ ಆ ದುಡ್ಡಲ್ಲಿ ಮಕ್ಕಳಿಗೆ ಶಾಲೆ ಕಟ್ಟಲು ನಿಂತರು. ಲೋರಿಸ್ ಮಲಗುಜ್ಜಿ ಎಂಬ ತರುಣ ಮೇಷ್ಟ್ರು ಸುದ್ದಿ ಕೇಳಿ ಸೈಕಲ್ ಹತ್ತಿ ನೋಡಲು ಹೋದರು. ಆಮೇಲೆ ಬದುಕಿಡೀ ಅದೇ ಕೆಲಸ ಮಾಡಿದರು. ಮಗುವಿಗೆ ಮಾತೊಂದೇ ಭಾಷೆ ಅಲ್ಲ, ಮಣ್ಣು, ಬಣ್ಣ, ತಂತಿ, ಕಾಗದ, ಕುಣಿತ ಎಲ್ಲವೂ ಅದಕ್ಕೆ ಭಾಷೆಗಳೇ ಎಂಬುದು ಅವರ ನಂಬಿಕೆ. ಇದನ್ನೇ ‘ನೂರು ಭಾಷೆ’ ಅಂತ ಕರೆದರು. ಅದೇ ಊರಲ್ಲಿ 1996ರಿಂದ ರೆಮಿದಾ ಎಂಬ ಕೇಂದ್ರವೂ ಇದೆ. ಕಾರ್ಖಾನೆಗಳಲ್ಲಿ ಉಳಿದ ಕಾಗದ, ರಟ್ಟು, ಬಟ್ಟೆ, ಪ್ಲಾಸ್ಟಿಕ್ ತುಂಡುಗಳನ್ನು ತಂದು ಶಾಲೆಗಳಿಗೆ ಕೊಡುತ್ತಾರೆ. ಗುಜರಿಯೇ ಪಾಠದ ಸಾಮಾನು.

ಈ ಪದ್ಧತಿಯಲ್ಲಿ ಮಗುವಿಗೆ ಒಂದು ವಸ್ತು ಕೊಟ್ಟು, ಏನು ಮಾಡಬೇಕು ಅಂತ ಹೇಳದೆ, ಅದು ಏನು ಮಾಡುತ್ತದೆ ಅಂತ ನೋಡುತ್ತಾರೆ. ಕೊನೆಗೆ ದೋಣಿಯೋ ಹೂವೋ ಆಗಲೇಬೇಕು ಅಂತಿಲ್ಲ. ಅದಕ್ಕೇ ಸಂಜೆ ಮಗು ಮನೆಗೆ ಏನನ್ನೂ ತರುವುದಿಲ್ಲ, ನಮಗೆ ‘ಇವತ್ತು ಏನೂ ಮಾಡಿಸಿಲ್ಲ’ ಅನ್ನಿಸುತ್ತದೆ.

ಒಂದು ಬೆಳಿಗ್ಗೆ, ಹತ್ತಿರದಿಂದ

ನಾನು ಹೋದ ದಿನ ನೆಲದ ಮೇಲೆ ಐದು ಬಗೆಯ ಕಾಗದ ಇತ್ತು. ಹಳೇ ನ್ಯೂಸ್‌ಪೇಪರ್, ಗಿಫ್ಟ್ ಸುತ್ತುವ ತೆಳು ಕಾಗದ, ದಪ್ಪ ಡ್ರಾಯಿಂಗ್ ಶೀಟ್, ಅಡುಗೆಮನೆಯ ಟಿಶ್ಯೂ ಸುರುಳಿ, ಪಾರ್ಸೆಲ್ ಡಬ್ಬದ ರಟ್ಟು. ಕತ್ತರಿ ಇರಲಿಲ್ಲ. ಅಂಟೂ ಇರಲಿಲ್ಲ. ಎಂಟು ಮಕ್ಕಳು, ಒಬ್ಬರು ಟೀಚರ್.

ಟೀಚರ್ ಒಂದು ತೆಳು ಹಾಳೆ ಎತ್ತಿ "ಮೀರಾ!" ಅಂದರು. ಮೀರಾ ಅಂದರೆ ‘ನೋಡು’. (ಮೀರಾ ಅಂತಲೇ ಹೆಸರಿರುವ ನಮ್ಮ ಮಗು ತರಗತಿಯಲ್ಲಿದ್ದರೆ ಮೊದಲ ವಾರ ಪಾಪ, ದಿನಕ್ಕೆ ಐವತ್ತು ಸಲ ತಿರುಗಿ ನೋಡಬೇಕು.) "ಮೀರಾ, ಪಪೆಲ್." ನೋಡು, ಕಾಗದ. ಹಾಳೆಯನ್ನು ಕೆನ್ನೆಗೆ ಸವರಿಕೊಂಡು "ಸ್ವಾವೆ" ಅಂದರು. ಮೆತ್ತಗಿದೆ. ಪಕ್ಕದ ಮಗುವಿನ ಕೆನ್ನೆಗೂ ಸವರಿದರು. ಮತ್ತೆ "ಸ್ವಾವೆ". ಆಮೇಲೆ ರಟ್ಟಿನ ಹರಿದ ಅಂಚನ್ನು ಮುಟ್ಟಿಸಿ "ಆಸ್ಪೆರೊ" ಅಂದರು, ಒರಟು. ಇಂಗ್ಲಿಷ್ ಒಂದಕ್ಷರ ಬರಲಿಲ್ಲ, ಅರ್ಥ ಹೇಳಲೂ ಇಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ, ಕೆನ್ನೆಗೆ ಗೊತ್ತಾಗಿತ್ತು.

ಆಮೇಲೆ ಅವರು ನ್ಯೂಸ್‌ಪೇಪರಿನ ಅಂಚು ಹಿಡಿದು, ಎಲ್ಲರ ಮುಖ ನೋಡಿ, ನಿಧಾನಕ್ಕೆ "ರಾಸ್ಗಾ..." ಅಂತ ಎಳೆದರು. ಪರ್ರ್ ಅಂತ ಹರಿಯಿತು. ‘ರಾಸ್ಗಾ’ ಅಂದರೆ ‘ಹರಿ’. ಎಂಟು ಮಕ್ಕಳಿಗೂ ಅಪ್ಪಣೆ ಸಿಕ್ಕಿತಲ್ಲ, ಇನ್ನೇನು! ಕೋಣೆ ತುಂಬ ಪರ್ ಪರ್ ಸದ್ದು. ಅಕ್ಕನ ಮಗಳಿಗೆ ರಟ್ಟು ಹರಿಯಲಾಗಲಿಲ್ಲ. ಹಲ್ಲು ಕಚ್ಚಿ ಎಳೆದಳು. ಟೀಚರ್ ಪಕ್ಕ ಕೂತು "ದೂರೊ, ಎಹ್? ಮುಯ್ ದೂರೊ" ಅಂದರು. ಗಟ್ಟಿ ಅಲ್ವಾ, ತುಂಬ ಗಟ್ಟಿ. ಅವಳು ಕೋಪದಲ್ಲೇ "ದೂರೊ!" ಅಂದಳು. ಆ ದಿನ ಅವಳ ಬಾಯಿಂದ ಬಂದ ಒಂದೇ ಸ್ಪ್ಯಾನಿಷ್ ಮಾತು ಅದು. ಬೇಕಾದಾಗ, ಬೇಕಾದ ಜಾಗದಲ್ಲಿ ಬಂತು.

ಆಮೇಲೆ "ಅರ್ರೂಗಾ, ಅರ್ರೂಗಾ, ಅರ್ರೂಗಾ": ಮುದುಡು. ಟಿಶ್ಯೂ ಉಂಡೆಯಾಯಿತು. "ಉನಾ ಪೆಲೋತಾ!" ಚೆಂಡು! ಚೆಂಡಾದ ಮೇಲೆ ಎಸೆಯದೇ ಇರಲಾಗುತ್ತದಾ? ಹತ್ತು ನಿಮಿಷ ಅದೇ ಆಯಿತು. ಕೊನೆಗೆ ಒಂದು ಬೋಗುಣಿ ನೀರು ಬಂತು. ತೆಳು ಕಾಗದ ಮುಳುಗಿಸಿದರು. "ಮೊಹಾದೊ", ನೆಂದಿದೆ. ಎತ್ತಿದರೆ ಕೈಯಲ್ಲೇ ಕಿತ್ತುಬಂತು. "ಆಯ್! ಸೆ ರೊಂಪಿಯೊ!" ಅಯ್ಯೋ, ಹರಿದೋಯ್ತು!

ಎಣಿಸಿ ನೋಡಿದೆ. ನಲವತ್ತು ನಿಮಿಷದಲ್ಲಿ ‘ಪಪೆಲ್’ ಎಂಬ ಪದವನ್ನು ಟೀಚರ್ ಅರವತ್ತಕ್ಕೂ ಹೆಚ್ಚು ಸಲ ಹೇಳಿದ್ದರು. ಒಮ್ಮೆಯೂ ಅದು ಪಾಠ ಒಪ್ಪಿಸಿದ ಹಾಗೆ ಕೇಳಿಸಲಿಲ್ಲ.

ಕಾಗದ ಯಾಕೆ ಹಾಗೆ ಹರಿಯುತ್ತದೆ?

ಮಕ್ಕಳು ಅಲ್ಲಿ ಭಾಷೆಯಷ್ಟೇ ಕಲಿತರಾ? ಕಾಗದದ ಬಗ್ಗೆಯೂ ಕಲಿತರು. ನಮಗೂ ಮರೆತುಹೋಗಿರುವ ವಿಷಯ ಇದು.

ಕಾಗದ ಅಂದರೆ ಮರದ, ಗಿಡದ ಸಣ್ಣ ನಾರುಗಳ ಜಾಲ. ನಾರನ್ನು ನೀರಲ್ಲಿ ಅರೆದು, ಜರಡಿಯಂಥ ಜಾಲರಿ ಮೇಲೆ ತೆಳ್ಳಗೆ ಹರಡಿ, ನೀರು ಬಸಿದು ಒಣಗಿಸಿದರೆ ನಾರುಗಳು ತಾವೇ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಒದ್ದೆ ಮಾಡಿದರೆ ಆ ಹಿಡಿತ ಸಡಿಲಾಗುತ್ತದೆ. ಅದಕ್ಕೇ ನೆಂದ ಕಾಗದ ಕಿತ್ತುಬರುವುದು. ಅಡುಗೆಮನೆಯ ಟಿಶ್ಯೂ ಮಾತ್ರ ನೆಂದರೂ ಸುಲಭಕ್ಕೆ ಚಿಂದಿಯಾಗುವುದಿಲ್ಲ. ಅದಕ್ಕೆ ತಯಾರಿಸುವಾಗಲೇ ಒದ್ದೆಯಲ್ಲೂ ಹಿಡಿದುಕೊಳ್ಳುವ ರಾಳ ಬೆರೆಸಿರುತ್ತಾರೆ.

ಮೆಷಿನ್ನಿನಲ್ಲಿ ಕಾಗದ ಓಡುವಾಗ ಹೆಚ್ಚಿನ ನಾರು ಓಡುವ ದಿಕ್ಕಿಗೇ ಮಲಗುತ್ತವೆ. ಕಟ್ಟಿಗೆ ಸೀಳುವ ಹಾಗೆಯೇ ಇದೂ. ನಾರಿನ ಉದ್ದಕ್ಕೆ ಸೀಳಿದರೆ ನೇರ, ಅಡ್ಡಕ್ಕೆ ಹೋದರೆ ಒರಟು. ನಿಮ್ಮ ಮನೆಗೆ ಬರುವ ಕನ್ನಡ ಪೇಪರನ್ನು ಮೇಲಿಂದ ಕೆಳಕ್ಕೆ ಹರಿದು ನೋಡಿ, ಪಟ್ಟಿ ನೇರವಾಗಿ ಬರುತ್ತದೆ. ಎಡದಿಂದ ಬಲಕ್ಕೆ ಹರಿಯಿರಿ, ಎಲ್ಲೆಲ್ಲೋ ಹೋಗುತ್ತದೆ. ಮೂರು ವರ್ಷದ ಮಗು ಇದನ್ನು ಮಾತಲ್ಲಿ ಹೇಳಲಾರದು. ಕಾಗದ ತಿರುಗಿಸಿ ಹರಿದರೆ ಸುಲಭ ಅಂತ ಅದರ ಕೈಗೆ ಮಾತ್ರ ಗೊತ್ತಾಗಿರುತ್ತದೆ.

ಕೈಗೂ ಲಾಭ ಇದೆ. ಹರಿಯುವಾಗ ಎರಡು ಕೈ ಎರಡು ಬೇರೆ ಕೆಲಸ ಮಾಡಬೇಕು. ಒಂದು ಹಿಡಿಯಬೇಕು, ಇನ್ನೊಂದು ಎಳೆಯಬೇಕು. ಹೆಬ್ಬೆರಳು, ತೋರುಬೆರಳು ಗಟ್ಟಿಯಾಗಿ ಚಿವುಟಿ ಹಿಡಿಯಬೇಕು. ಮುಂದೆ ಕತ್ತರಿ, ಪೆನ್ಸಿಲ್ ಹಿಡಿಯಲು ಬೇಕಾಗುವುದು ಇದೇ ಹಿಡಿತ. ಅದಕ್ಕೇ ಪ್ರೀಸ್ಕೂಲಿನಲ್ಲಿ ಹರಿಯುವುದು ಮೊದಲು, ಕತ್ತರಿ ಆಮೇಲೆ. ಒಂದೇ ಎಚ್ಚರ: ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸಿನ ಮಗುವಿನ ಹತ್ತಿರ ಚೂರು ಬಿಟ್ಟು ಎದ್ದುಹೋಗಬೇಡಿ.

ಕೈ ಮೊದಲು, ಬಾಯಿ ಆಮೇಲೆ

ಈಗ ಅಮ್ಮನ ಪ್ರಶ್ನೆಯ ತಿರುಳಿಗೆ ಬರೋಣ. ಹರಿಯುವುದಕ್ಕೂ ಭಾಷೆಗೂ ಏನು ಸಂಬಂಧ?

1960ರ ದಶಕದಲ್ಲಿ, ಇಲ್ಲೇ ಸ್ಯಾನ್ ಹೊಸೆಯ ಕಾಲೇಜಿನಲ್ಲಿ, ಜೇಮ್ಸ್ ಆಷರ್ ಎಂಬ ಮನಃಶಾಸ್ತ್ರದ ಪ್ರಾಧ್ಯಾಪಕರು ಒಂದು ಸರಳ ಸಂಗತಿ ಹಿಡಿದರು. ಪುಟ್ಟ ಮಗು ಮಾತು ಕಲಿಯುವ ಮೊದಲು ತಿಂಗಳುಗಟ್ಟಲೆ ಬರೀ ಅಪ್ಪಣೆ ಪಾಲಿಸುತ್ತದೆ. ‘ಬಾ’, ‘ಕೊಡು’, ‘ಬಾಯಿ ತೆಗಿ’, ‘ಟಾಟಾ ಮಾಡು’. ಮಾತಾಡುವುದಿಲ್ಲ, ಮಾಡುತ್ತದೆ. ಹೊಸ ಭಾಷೆಯನ್ನೂ ಹಾಗೇ ಯಾಕೆ ಕಲಿಸಬಾರದು? ಟೀಚರ್ ಹೇಳಬೇಕು, ಕಲಿಯುವವರು ಮೈಯಲ್ಲಿ ಉತ್ತರ ಕೊಡಬೇಕು. ಇವತ್ತಿನ ಪ್ರೀಸ್ಕೂಲುಗಳಲ್ಲಿ ಈ ಪದ್ಧತಿಯ ನೆರಳು ಎಲ್ಲೆಲ್ಲೂ ಇದೆ.

ಕಾಗದ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಚಿತ್ರದ ಕಾರ್ಡಿನಲ್ಲಿ ಸೇಬು ತೋರಿಸಿ ‘ಮಂಸಾನಾ’ ಅಂತ ಹೇಳಿಸಬಹುದು. ಆದರೆ ಆ ಸೇಬಿಗೆ ಮಗು ಏನು ಮಾಡೀತು? ನೋಡಬಹುದು ಅಷ್ಟೇ. ಕಾಗದ ಹಾಗಲ್ಲ. ಹರಿ, ಮಡಚು, ಮುದುಡು, ಸುತ್ತು, ನೆನೆಸು, ಊದು, ಎಸೆ, ಬಚ್ಚಿಡು... ಹೇಳಿದ್ದನ್ನೆಲ್ಲ ಕೇಳುತ್ತದೆ. ಕೇಳಿದ್ದು ತಕ್ಷಣ ಕಣ್ಣಿಗೆ ಕಾಣುತ್ತದೆ. ‘ರಾಸ್ಗಾ’ ಅಂದಾಗ ಮಗು ಮಡಚಿದರೆ ಅದಕ್ಕೆ ಅರ್ಥವಾಗಿಲ್ಲ ಅಂತ ಟೀಚರಿಗೆ ಆ ಕ್ಷಣವೇ ಗೊತ್ತಾಗುತ್ತದೆ, ಪರೀಕ್ಷೆ ಬೇಡ. ನನ್ನ ಮಟ್ಟಿಗೆ ಉತ್ತರ ಇದೇ. ಕಾಗದ ಅಲ್ಲಿ ಕ್ರಾಫ್ಟಿಗೆ ಬಂದದ್ದಲ್ಲ, ಕ್ರಿಯಾಪದಗಳಿಗೆ ಬಂದದ್ದು. ಬಾವಿಗಿಳಿದ ಮಗುವಿನ ಹಗ್ಗ ಅದು.

‘ಅದೇ ಪದಗಳ ವಿಡಿಯೊ ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತಲ್ಲ’ ಅಂತ ಭಾವ ಕೇಳಿದರು. ಇದಕ್ಕೂ ಉತ್ತರ ಇದೆ. 2003ರಲ್ಲಿ ಸಿಯಾಟಲ್‌ನ ಪೆಟ್ರೀಷಿಯಾ ಕೂಲ್ ಮತ್ತು ಜೊತೆಯವರು ಒಂದು ಪ್ರಯೋಗದ ಫಲ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳ ಜೊತೆ ಚೀನಾದ ಮ್ಯಾಂಡರಿನ್ ಆಡುವವರು 12 ಸಲ ಕೂತು ಆಡಿದರು, ಓದಿದರು. ಆ ಕೂಸುಗಳು ಮ್ಯಾಂಡರಿನ್‌ನ ಉಚ್ಚಾರದ ಸೂಕ್ಷ್ಮ ವ್ಯತ್ಯಾಸ ಹಿಡಿದವು. ಇನ್ನು ಕೆಲವು ಕೂಸುಗಳಿಗೆ ಅದನ್ನೇ ಟಿವಿಯಲ್ಲಿ ತೋರಿಸಿದರು, ಕೆಲವಕ್ಕೆ ಬರೀ ಧ್ವನಿ ಕೇಳಿಸಿದರು. ಆ ಎರಡು ಗುಂಪಿಗೂ ಏನೂ ಹತ್ತಲಿಲ್ಲ. ಕೂಸಿಗೆ ಎದುರಿಗೊಬ್ಬ ಮನುಷ್ಯ ಬೇಕು.

ನಮ್ಮ ಕಿವಿಗೆ ಸ್ಪ್ಯಾನಿಷ್ ಅಷ್ಟು ದೂರದ್ದಲ್ಲ

ಸ್ವಲ್ಪ ಖುಷಿಯ ಭಾಗ ಇದು. ಕನ್ನಡದ ಮನೆಯ ಮಗುವಿಗೆ ಕೆಲವು ವಿಷಯ ಮೊದಲೇ ಕೈಯಲ್ಲಿರುತ್ತವೆ.

ಮೊದಲು ಸದ್ದು. ಇಂಗ್ಲಿಷಿನವರು ‘ಪೇಪರ್’ ಅನ್ನುವಾಗ ಮೊದಲ ಅಕ್ಷರದಲ್ಲಿ ಉಸಿರು ನುಗ್ಗುತ್ತದೆ, ಹೆಚ್ಚುಕಡಿಮೆ ‘ಫೇಪರ್’ (ಮಹಾಪ್ರಾಣದ ಫ). ಸ್ಪ್ಯಾನಿಷಿನ ‘ಪಪೆಲ್’ನಲ್ಲಿ ಇರುವುದು ನಮ್ಮ ಸಾದಾ ‘ಪ’. ಅಲ್ಲಿನ ‘ತ’ ಕೂಡ ಹಲ್ಲಿಗೆ ನಾಲಿಗೆ ತಾಗಿಸುವ ನಮ್ಮ ‘ತ’ವೇ, ಇಂಗ್ಲಿಷಿನ ‘ಟ’ ಅಲ್ಲ. ಮಗುವಿಗೆ ‘ನೀಞೊ’ ಅಂತಾರೆ. ವರ್ಣಮಾಲೆಯಲ್ಲಿ ಸುಮ್ನೆ ಕೂತಿದೆ ಅಂತ ನಾವೆಲ್ಲ ಅಂದುಕೊಂಡಿದ್ದ ‘ಞ’ಗೆ ಕೊನೆಗೂ ಒಂದು ಕೆಲಸ ಸಿಕ್ಕಿತು!

ಇದು ಬರೀ ತಮಾಷೆ ಅಲ್ಲ. 1984ರಲ್ಲಿ ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ತೋರಿಸಿದ ಪ್ರಸಿದ್ಧ ಸಂಗತಿ ಇದೆ. ಇಂಗ್ಲಿಷ್ ಮನೆಯ ಆರೆಂಟು ತಿಂಗಳ ಕೂಸು ಹಿಂದಿಯ ‘ತ’ ಮತ್ತು ‘ಟ’ ಬೇರೆ ಬೇರೆ ಅಂತ ಗುರುತಿಸುತ್ತದೆ. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನ ಕೂಸುಗಳಿಗೆ ಆ ವ್ಯತ್ಯಾಸ ಕೇಳಿಸುವುದು ನಿಂತುಹೋಗುತ್ತದೆ, ಯಾಕೆಂದರೆ ಮನೆಯ ಭಾಷೆಗೆ ಅದು ಬೇಡ. ಕನ್ನಡಕ್ಕೆ ಅದು ಬೇಕೇ ಬೇಕು. ‘ಹತ್ತಿ’ ಬೇರೆ, ‘ಹಟ್ಟಿ’ ಬೇರೆ. ಹೀಗಾಗಿ ನಮ್ಮ ಮಕ್ಕಳ ಕಿವಿ ಮುಚ್ಚಿಹೋಗಿರುವುದಿಲ್ಲ.

ವಾಕ್ಯದಲ್ಲೂ ನೆಂಟಸ್ತಿಕೆ ಕಾಣುತ್ತದೆ. ಕನ್ನಡದಲ್ಲಿ ‘ಹರಿಯುತ್ತೇನೆ’ ಅಂದರೆ ಸಾಕು, ‘ನಾನು’ ಬೇಡ. ಸ್ಪ್ಯಾನಿಷಿನಲ್ಲೂ ‘ರಾಸ್ಗೊ’ ಅಂದರೆ ನಾನು, ‘ರಾಸ್ಗಾಸ್’ ಅಂದರೆ ನೀನು, ಬಾಲವೇ ಹೇಳುತ್ತದೆ. ‘ನನಗೆ ಕಾಗದ ಇಷ್ಟ’ ಅನ್ನುವುದು ಅಲ್ಲಿ ‘ಮೆ ಗುಸ್ತಾ ಎಲ್ ಪಪೆಲ್’. ಅಲ್ಲಿನ ‘ಮೆ’ ಅಂದರೆ ನಮ್ಮ ‘ನನಗೆ’ಯೇ. ನೀನು, ನೀವು ಅನ್ನುವ ಭೇದವೂ ಇದೆ: ‘ತೂ’, ‘ಉಸ್ತೆದ್’. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ‘ಸೆ ರೊಂಪಿಯೊ’. ಯಾರು ಹರಿದರು? ಯಾರೂ ಇಲ್ಲ, ಹರಿದೋಯ್ತು! ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ‘ಸೆ ಮೆ ರೊಂಪಿಯೊ’, ‘ನನ್ನ ಕೈಲಿ ಹರಿದೋಯ್ತು’. ತಪ್ಪು ಮಾಡಿ ತಪ್ಪಿಸಿಕೊಳ್ಳುವ ನಮ್ಮ ಮಕ್ಕಳ ಹಳೇ ಉಪಾಯ ಆ ಭಾಷೆಯಲ್ಲೂ ಸಲೀಸಾಗಿ ನಡೆಯುತ್ತದೆ.

ಮತ್ತೆ ‘ಹಾಳೆ’. ಸ್ಪ್ಯಾನಿಷಿನಲ್ಲಿ ಕಾಗದದ ಹಾಳೆಗೆ ‘ಓಹಾ’ ಅಂತಾರೆ. ಅದೇ ಪದಕ್ಕೆ ಗಿಡದ ಎಲೆ ಅಂತಲೂ ಅರ್ಥ. ಅಮ್ಮನಿಗೆ ಇದನ್ನು ಹೇಳಿದಾಗ ಒಂದು ಕ್ಷಣ ಸುಮ್ಮನಿದ್ದು, "ನಮ್ಮಲ್ಲೂ ಹಾಗೇ ಅಲ್ದಾ, ಅಡಿಕೆ ಹಾಳೆ" ಅಂದಳು. ಹೌದಲ್ಲ! ಹಾಳೆ ತೋಟದಲ್ಲೂ ಬೀಳುತ್ತದೆ, ನೋಟ್‌ಬುಕ್ಕಿನಲ್ಲೂ ಇರುತ್ತದೆ. ‘ಓಲೆ’ಯೂ ಹಾಗೇ, ಮೊದಲು ತಾಳೆಯ ಗರಿ, ಆಮೇಲೆ ಪತ್ರ.

ಕಷ್ಟ ಇಲ್ಲವೇ ಇಲ್ಲ ಅಂತಲ್ಲ. ಪಪೆಲ್ ಗಂಡು, ಓಹಾ ಹೆಣ್ಣು. ಕೆಂಪು ಕಾಗದ ‘ಪಪೆಲ್ ರೋಹೊ’, ಕೆಂಪು ಹಾಳೆ ‘ಓಹಾ ರೋಹಾ’. ಯಾಕೆ ಅಂತ ಕೇಳಬೇಡಿ. ಜಡವಸ್ತುವನ್ನೆಲ್ಲ ‘ಅದು’ ಅಂತ ಕರೆದು ನಿಶ್ಚಿಂತೆಯಾಗಿರುವ ಕನ್ನಡಕ್ಕೆ ಇದು ಹಿಂದಿ ಕಲಿಯುವಾಗಿನ ಅದೇ ತಲೆನೋವು. ಮಕ್ಕಳಿಗೆ ನೋಯುವುದಿಲ್ಲ. ಅವರು ಪದವನ್ನು ಅದರ ಬಾಲ ಸಮೇತ ಎತ್ತಿಕೊಳ್ಳುತ್ತಾರೆ.

‘ಮೂರು ತಿಂಗಳಾಯ್ತು, ಒಂದು ಮಾತೂ ಇಲ್ಲ’

ಸ್ಪ್ಯಾನಿಷ್ ಶಾಲೆಗೆ ಹಾಕಿದ ಅಪ್ಪ ಅಮ್ಮಂದಿರ ದೊಡ್ಡ ಚಿಂತೆ ಇದು. ಹೊಸ ಭಾಷೆಯ ನಡುವೆ ಬಿದ್ದ ಮಗು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಆ ಭಾಷೆಯಲ್ಲಿ ಬಾಯಿ ಬಿಡದೇ ಇರಬಹುದು. ಇದಕ್ಕೆ ‘ಮೌನದ ಅವಧಿ’ ಅಂತಾರೆ. ಒಳಗೆ ಕೆಲಸ ನಡೆಯುತ್ತಿರುತ್ತದೆ. ಮಗುವಿಗೆ ಅರ್ಥವಾಗುತ್ತಿದೆಯಾ ಅಂತ ನೋಡಬೇಕಾದರೆ ಅದರ ಬಾಯಿ ನೋಡಬೇಡಿ, ಕೈ ನೋಡಿ. ‘ರಾಸ್ಗಾ’ ಅಂದಾಗ ಹರಿಯಿತಾ? ಹರಿದರೆ ಆಯಿತು.

ಸಂಜೆ ಮನೆಗೆ ಬಂದ ಕೂಡಲೇ "ಕತ್ತರಿಗೆ ಸ್ಪ್ಯಾನಿಷಲ್ಲಿ ಏನು? ಹೇಳು ಹೇಳು, ಅಂಕಲ್ ಮುಂದೆ ಹೇಳು" ಅಂತ ಹಿಂಸೆ ಮಾಡುವುದು ಬೇಡ. ಪದ ಅದಕ್ಕೆ ಗೊತ್ತಿರುತ್ತದೆ, ಆದರೆ ಕತ್ತರಿ ಕೈಯಲ್ಲಿದ್ದಾಗ, ಆ ಟೀಚರ್ ಎದುರಿಗಿದ್ದಾಗ. ಸೋಫಾ ಮೇಲೆ ನೆಂಟರ ಮುಂದೆ ಬರುವುದಿಲ್ಲ.

ಭಾಷೆ ಕಲಸಿಹೋಗುವುದರ ಬಗ್ಗೆಯೂ ಕೇಳುತ್ತಾರೆ. ‘ಅಮ್ಮಾ, ಪಪೆಲ್ ಕೊಡು’ ಅಂತ ಮಗು ಅಂದರೆ ಗಾಬರಿ ಬೇಡ. ನಾವು ದಿನವಿಡೀ ‘ಫ್ರಿಜ್ ಓಪನ್ ಮಾಡು’ ಅನ್ನುವುದಿಲ್ವಾ? ಮಗುವೂ ಕೈಗೆ ಸಿಕ್ಕಿದ ಪದ ಹಾಕಿದೆ. ವಾಕ್ಯ ಮಾತ್ರ ಕನ್ನಡದ್ದೇ. ಆದರೆ ಮಗು ಯಾವ ಭಾಷೆಯಲ್ಲೂ, ಮನೆಯಲ್ಲೂ, ವಯಸ್ಸಿಗೆ ತಕ್ಕಷ್ಟು ಮಾತಾಡುತ್ತಿಲ್ಲ, ಕರೆದರೆ ತಿರುಗುತ್ತಿಲ್ಲ ಅಂದರೆ ಅದು ಬೇರೆ ವಿಷಯ. ಆಗ ಮೌನದ ಅವಧಿ ಅಂತ ಕಾಯದೆ ಡಾಕ್ಟರಿಗೆ ತೋರಿಸಿ.

ಹಾಗಾದರೆ ಕನ್ನಡ?

ಸ್ಪ್ಯಾನಿಷ್ ಹೇಳಿಕೊಡಲು ಶಾಲೆ ಇದೆ, ಇಂಗ್ಲಿಷ್ ಹೇಳಿಕೊಡಲು ಇಡೀ ಊರಿದೆ. ಕನ್ನಡಕ್ಕೆ ಇರುವುದು ಮನೆಯೊಂದೇ. ಹೀಗಾಗಿ ಮನೆಯಲ್ಲಿ ಮಗುವಿನ ಜೊತೆ ಹರುಕು ಮುರುಕು ಸ್ಪ್ಯಾನಿಷ್ ಆಡುವುದಕ್ಕಿಂತ, ಅದೇ ಕಾಗದವನ್ನು ಕನ್ನಡದಲ್ಲಿ ಹರಿಯುವುದು ಮೇಲು ಅಂತ ನನಗನ್ನಿಸುತ್ತದೆ. ಕನ್ನಡದಲ್ಲಿ ಅದಕ್ಕೆ ಮಾತಿಗೇನು ಬರ? ಸರ್ರನೆ ಸೀಳು, ಪಟಪಟ ಬಡಿ, ಗರಗರ ಅನ್ನುತ್ತೆ, ಮುದ್ದೆ ಮಾಡು, ಉಂಡೆ ಕಟ್ಟು, ಸುರುಳಿ ಸುತ್ತು, ಚಿಂದಿ ಚಿಂದಿ.

ಅಕ್ಟೋಬರ್ ಕೊನೆಯಲ್ಲಿ ಅಕ್ಕನ ಮಗಳ ತರಗತಿಯಲ್ಲಿ ‘ಪಪೆಲ್ ಪಿಕಾದೊ’ ಮಾಡುತ್ತಾರೆ. ಮೆಕ್ಸಿಕೊದಲ್ಲಿ ಸತ್ತವರನ್ನು ನೆನೆಯುವ ಹಬ್ಬಕ್ಕೆ ಬೀದಿ ಬೀದಿಯಲ್ಲಿ ಕಟ್ಟುವ ಕಾಗದದ ತೋರಣ ಅದು. ಅಲ್ಲಿನ ಕಸುಬಿನವರು ತೆಳು ಕಾಗದದ ಹತ್ತಾರು ಹಾಳೆ ಒಂದರ ಮೇಲೊಂದು ಇಟ್ಟು ಉಳಿ, ಸುತ್ತಿಗೆಯಲ್ಲಿ ಹೂಬಳ್ಳಿ, ತಲೆಬುರುಡೆ ಎಲ್ಲ ಕೊರೆಯುತ್ತಾರೆ. ಮಕ್ಕಳು ಮಡಚಿ, ಅಂಚು ಕತ್ತರಿಸಿ, ಬಿಡಿಸಿ ನೋಡುತ್ತಾರೆ. ದೀಪಾವಳಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ಈ ಸಲ ಉಳಿದ ಬಣ್ಣದ ಕಾಗದದಲ್ಲಿ ಗೂಡುದೀಪ ಮಾಡೋಣ ಅಂತ ಅಕ್ಕ ಹೇಳಿದ್ದಾಳೆ. ಬಿದಿರು ಕಡ್ಡಿ ಎಲ್ಲಿ ಸಿಗುತ್ತದೆ ಅನ್ನೋದೇ ಈಗಿನ ತಲೆಬಿಸಿ.

ಹೋದ ಭಾನುವಾರ ವಿಡಿಯೊ ಕಾಲಿನಲ್ಲಿ ಅಮ್ಮ ಒಂದು ನ್ಯೂಸ್‌ಪೇಪರ್ ಹಾಳೆ ಹಿಡಿದುಕೊಂಡೇ ಕೂತಿದ್ದಳು. ಮೊಮ್ಮಗಳಿಗೆ ತೋರಿಸಿ ತೋರಿಸಿ ಅರ್ಧ ಹರಿದಳು. ಒಂದು ಮೂಲೆ ಹಿಡಿದು ಸುತ್ತಿದಳು, ತುದಿ ಮಡಚಿದಳು. ನಮ್ಮೂರ ಅಂಗಡಿಯಲ್ಲಿ ಕಡಲೆಕಾಯಿ ಕಟ್ಟಿಕೊಡುತ್ತಿದ್ದ ಅದೇ ಪೊಟ್ಟಣ. ಇಲ್ಲಿ ಅಕ್ಕನ ಮಗಳೂ ಒಂದು ಹಾಳೆ ತಂದು ಸುತ್ತಿದಳು. ತುದಿ ಮಡಚಲು ಬರಲಿಲ್ಲ, ಕೈಯಲ್ಲೇ ಗಟ್ಟಿಯಾಗಿ ಹಿಡಿದುಕೊಂಡಳು.

"ಇದಕ್ಕೆ ನಿಮ್ಮ ಟೀಚರ್ ಎಂತ ಹೇಳ್ತಾರೆ?" ಅಂತ ಅಮ್ಮ ಕೇಳಿದಳು. ಮಗುವಿಗೆ 
ಗೊತ್ತಿರಲಿಲ್ಲ. ನಾನು ಹುಡುಕಿ ಹೇಳಿದೆ: ಕುಕುರೂಚೊ.

ಅಮ್ಮ ಎರಡು ಸಲ ಹೇಳಿ ನೋಡಿ ನಕ್ಕಳು. ಮೊಮ್ಮಗಳು ಅದಕ್ಕಿಂತ ಜೋರಾಗಿ ನಕ್ಕು, "ಅಮ್ಮಮ್ಮ, ಅಲ್ಲ, ಪೊಟ್ಟಣ!" ಅಂತ ತಿದ್ದಿ, ಅದರೊಳಗೆ ಹಾಕಲು ಕಡಲೆಕಾಯಿ ಹುಡುಕಿಕೊಂಡು ಅಡುಗೆಮನೆಗೆ ಓಡಿದಳು.